ಹಂಚಿನ ಮಾಡಿನ ದುರಸ್ತಿಗೆ ನಂಬಿಗಸ್ತ ಗುತ್ತಿಗೆದಾರರನ್ನು ಆನ್‌ಲೈನ್‌ನಲ್ಲಿ ಗುರುತಿಸುವುದು ಹೇಗೆ?

ಪ್ರಶ್ನೆ (ಕದ್ರಿ, ಮಂಗಳೂರು):
ನಮ್ಮ ಹಳೆಯ ಮನೆಯ ಪಕ್ಕಾಸುಗಳಿಗೆ (ಮಾಡಿನ ಇಳಿಜಾರು ಮರದ ತೊಲೆಗಳಿಗೆ) ಗೆದ್ದಲು ಹಿಡಿದಿದ್ದು, ಜೂನ್ ಮಳೆಗೆ ಮುನ್ನ ದುರಸ್ತಿಯಾಗಲೇಬೇಕಾಗಿದೆ. ಕಳೆದ ವರ್ಷ ಆನ್‌ಲೈನ್‌ನಲ್ಲಿ ಸಿಕ್ಕ ಗುತ್ತಿಗೆದಾರರೊಬ್ಬರು ಅರ್ಧಕ್ಕಿಂತ ಹೆಚ್ಚು ಹಣವನ್ನು ಮುಂಗಡವಾಗಿ ಪಡೆದು, ನಾಲ್ಕು ಹಂಚು ಬದಲಿಸಿ ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಅಮ್ಮ ಮಳೆಗಾಲವಿಡೀ ಮಂಚದ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡೇ ಮಲಗಿದರು. ಈ ಸಲ ಏನೇನು ಪರಿಶೀಲಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ಮಣಿಪಾಲ):
ನಕ್ಷತ್ರಗಳ ಸಂಖ್ಯೆಯನ್ನು ನಂಬಬೇಡಿ; ಒಂದೇ ವಾರದಲ್ಲಿ, ಒಂದೇ ಧಾಟಿಯಲ್ಲಿ ಬಂದ ಹೊಗಳಿಕೆಗಳಿದ್ದರೆ ಅನುಮಾನಿಸಿ. ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದು 15 ಅಕ್ಷರಗಳದ್ದಾಗಿರಬೇಕು, ಕರ್ನಾಟಕದ್ದಾದರೆ 29ರಿಂದ ಆರಂಭವಾಗಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದರೆ ನೋಂದಾಯಿತ ಹೆಸರು ಕಾಣುತ್ತದೆ. ಸಣ್ಣ ಮೇಸ್ತ್ರಿಗಳಿಗೆ ಈ ನೋಂದಣಿ ಇಲ್ಲದಿರಬಹುದು, ಅದೊಂದೇ ಕಾರಣಕ್ಕೆ ಅವರನ್ನು ಬಿಡುವುದು ನ್ಯಾಯವಲ್ಲ.

ಉತ್ತರ (ಬ್ರಹ್ಮಾವರ, ಉಡುಪಿ):
ಅಣ್ಣ, ಫೋಟೋ ನೋಡಿಯೇ ದರ ಹೇಳುವವರನ್ನು ಕರೆಯಲೇಬೇಡಿ. ನಮ್ಮಲ್ಲಿಗೆ ಬಂದ ಮೇಸ್ತ್ರಿ ಅಟ್ಟ ಹತ್ತಿ, ಒಂದೊಂದು ಪಕ್ಕಾಸಿಗೂ ಸ್ಕ್ರೂಡ್ರೈವರ್ ಚುಚ್ಚಿ, ಟೊಳ್ಳಾದವುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿದ ನಂತರವೇ ಲೆಕ್ಕ ಬರೆದುಕೊಟ್ಟರು. ಪಕ್ಕಾಸು, ರೀಪು (ಹಂಚು ಕೂರಿಸುವ ಅಡ್ಡಪಟ್ಟಿ), ಹಂಚು, ಕೂಲಿ ಎಲ್ಲವೂ ಬೇರೆ ಬೇರೆಯಾಗಿ ಬರಹದಲ್ಲಿರಲಿ. ಅವರು ಹಿಂದೆ ಕೆಲಸ ಮಾಡಿದ ಮನೆಗೆ ಹೋಗಿ, ಒಂದು ಮಳೆಗಾಲ ಕಳೆದ ಮೇಲೂ ಮಾಡು ಸೋರಲಿಲ್ಲವೇ ಎಂದು ಮನೆಯವರನ್ನೇ ಕೇಳಿ.

ಉತ್ತರ (ಸುರತ್ಕಲ್):
ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಯುಪಿಐ ಮೂಲಕವೇ ಕೊಟ್ಟು ರಶೀದಿ ಇಟ್ಟುಕೊಳ್ಳಿ. ಹಳೆಯ ಪ್ರಕರಣದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.