108 ಮೂಟೆಯ ದೊಡ್ಡಪ್ಪ

ಸೀನ ಸಿಡ್ನಿಯಿಂದ ರಜೆಗೆ ಬಂದಿದ್ದಾನೆ. ಚಾಕಲೇಟ್ ಇಲ್ಲ, ಏನಿಲ್ಲ, ಫೋನ್ ತುಂಬಾ ವೊಂಬ್ಯಾಟ್ ಅನ್ನೋ, ಕಾಂಗರೂ ಥರ ಹೊಟ್ಟೆಚೀಲದಲ್ಲಿ ಮರಿ ಸಾಕೋ ಆಸ್ಟ್ರೇಲಿಯಾದ ಪ್ರಾಣಿಯ ಫೋಟೋ. ಮಂಜನ ದಿನಸಿ ಅಂಗಡಿಯಲ್ಲಿ ಮೂಟೆಗಳ ಮೇಲೆ ಕೂತು ಅದನ್ನೇ ನೋಡುತ್ತಿದ್ದೆವು. ಗಿಡ್ಡ ಕಾಲು, ಗುಂಡು ಮೈ, ಹಂದಿಮರಿಗೆ ಕರಡಿ ಕಂಬಳಿ ಹೊದಿಸಿದ ಹಾಗೆ.

"ಇದಕ್ಕೊಬ್ಬ ದೊಡ್ಡಪ್ಪ ಇದ್ದ ಕಣ್ರೋ, ಡೈಪ್ರೊಟೊಡಾನ್ ಅಂತ. ಹೊಟ್ಟೆಚೀಲದ ಪ್ರಾಣಿಗಳಲ್ಲೇ ಅದಕ್ಕಿಂತ ದೊಡ್ಡದು ಸಿಕ್ಕಿಲ್ಲ. ಸುಮಾರು 2,700 ಕೆಜಿ!"

"ಇದು ಎಷ್ಟಿದೆ?"

"25 ಅಂತಿಟ್ಟುಕೋ."

ಮಂಜನಿಗೆ ಎಲ್ಲ ಲೆಕ್ಕವೂ ಅಕ್ಕಿ ಮೂಟೆಯಲ್ಲೇ. "ಒಂದು ಮೂಟೆಗೆ 108 ಮೂಟೆ ದೊಡ್ಡಪ್ಪ! ಅಷ್ಟೋತ್ತರ ಆಯ್ತಲ್ಲೋ."

ದೊಡ್ಡಪ್ಪನಿಗೆ ಆ ಹೆಸರಿಟ್ಟದ್ದು ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವೆನ್, 1838ರಲ್ಲಿ, ನ್ಯೂ ಸೌತ್ ವೇಲ್ಸ್‌ನ ವೆಲ್ಲಿಂಗ್ಟನ್ ಗುಹೆಯ ಮೂಳೆ ನೋಡಿ. ಅರ್ಥ, ಮುಂದೆ ಎರಡು ಹಲ್ಲು. ಅಷ್ಟು ದೊಡ್ಡ ಮೈ ಇಟ್ಟುಕೊಂಡು ಕೊನೆಗೆ ಉಬ್ಬುಹಲ್ಲ ಅನ್ನಿಸಿಕೊಳ್ಳೋದು, ಪಾಪ ಅಲ್ವಾ?

"ಅದೂ ಬಿಲ ತೋಡುತ್ತಿತ್ತಾ?" ಅಂದೆ.

"ಇಲ್ಲಪ್ಪ, ಸೊಪ್ಪು ಸದೆ ಮೇಯ್ದುಕೊಂಡು ತಿರುಗುತ್ತಿತ್ತು."

"ಸದ್ಯ. ಅದು ತೋಡಿದ್ದರೆ ಅವತ್ತೇ ಮೆಟ್ರೋ ರೆಡಿ," ಅಂದ ಮಂಜ.

ಬಿಲ ತೋಡೋದು ವೊಂಬ್ಯಾಟ್ ಕೆಲಸ. ಮಣ್ಣು ಮರಿಯ ಮೇಲೆ ಬೀಳದಿರಲಿ ಅಂತ ಚೀಲದ ಬಾಯಿ ಹಿಂದಕ್ಕಿದೆ. ಲದ್ದಿಯಂತೂ ಚೌಕ! ಕರುಳಿನ ಗೋಡೆ ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡಿಲ, ಹಾಗಾಗಿ ಮೂಲೆ ಮೂಡುತ್ತೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್, ಅಂದ್ರೆ ನಗು ಬರಿಸೋ ಸಂಶೋಧನೆಗೆ ಕೊಡೋ ಪ್ರಶಸ್ತಿ, ಕೊಟ್ಟರಂತೆ. "ಮೈಸೂರುಪಾಕ್ ಕತ್ತರಿಸಿದ ಹಾಗೆ," ಅಂತ ಸೀನ ಫೋಟೋ ತೋರಿಸಿದ. ಇನ್ನೊಂದು ವಾರ ನಾನು ಮೈಸೂರುಪಾಕ್ ಮುಟ್ಟಲ್ಲ.

"ದೊಡ್ಡಪ್ಪ ಯಾಕೆ ಹೋದ?"

"40 ಸಾವಿರ ವರ್ಷಕ್ಕೂ ಹಿಂದೆಯೇ ಹೋದ. ಮನುಷ್ಯ ಬಂದು ಬೇಟೆಯಾಡಿದ್ದಕ್ಕೋ, ನೆಲ ಒಣಗಿದ್ದಕ್ಕೋ, ವಿಜ್ಞಾನಿಗಳ ಜಗಳ ಇನ್ನೂ ನಡೀತಿದೆ. ದಕ್ಷಿಣ ಆಸ್ಟ್ರೇಲಿಯಾದ ಕ್ಯಾಲಬೊನಾ ಕೆರೆಯಲ್ಲಂತೂ ಎಷ್ಟೋ ಡೈಪ್ರೊಟೊಡಾನ್ ಕೆಸರಿಗೆ ಸಿಕ್ಕಿಕೊಂಡು ಸತ್ತಿವೆ."

"108 ಮೂಟೆ ಕೆಸರಿಗಿಳಿದರೆ ಇನ್ನೇನಾಗುತ್ತೆ! ಈ ಒಂದು ಮೂಟೆ ಹೇಗೆ ಬಚಾವಾಯ್ತು?"

"ಇದರ ಬೆನ್ನಹಿಂದೆ, ಅಂದ್ರೆ ಕುಂಡೆಯಲ್ಲಿ, ಚರ್ಮ ಭಾರಿ ಗಟ್ಟಿ. ಡಿಂಗೊ ನಾಯಿ ಅಟ್ಟಿಸಿಕೊಂಡು ಬಂದರೆ ಬಿಲಕ್ಕೆ ನುಗ್ಗಿ ಕುಂಡೆಯಲ್ಲೇ ಬಾಗಿಲು ಮುಚ್ಚುತ್ತೆ. ಕಚ್ಚಿದರೂ ಹಲ್ಲು ಇಳಿಯಲ್ಲ."

ಮಂಜ ಏನೂ ಹೇಳಲಿಲ್ಲ. ಬೀದಿ ತುದಿಯಲ್ಲಿ ಯಾವಾಗಲೂ ಸಾಲ ಕೇಳೋ ಗಿರಾಕಿ ಕಂಡಿದ್ದ. ಮೆಲ್ಲಗೆ ಎದ್ದು, ಅಂಗಡಿ ಬಾಗಿಲಿಗೆ ಅಡ್ಡಲಾಗಿ, ಬೀದಿಗೆ ಬೆನ್ನು ಹಾಕಿ ನಿಂತುಕೊಂಡ.