ಸಹಾಯ ಬೇಕು: ಶಿರಸಿ ಕಡೆ ಸರ್ಪಸುತ್ತಿನ ಲಸಿಕೆ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ 67 ವರ್ಷ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್, ಜೊತೆಗೆ ಸ್ವಲ್ಪ ಸ್ಟೀರಾಯ್ಡ್ ನಡೀತಾ ಇದೆ. ಕಳೆದ ಮಳೆಗಾಲದಲ್ಲಿ ಬಲಪಕ್ಕೆಯಲ್ಲಿ ಪಟ್ಟಿ ಎಳೆದ ಹಾಗೆ ನೀರುಗುಳ್ಳೆ ಎದ್ದು ಸರ್ಪಸುತ್ತು ಆಯ್ತು. ಗುಳ್ಳೆ ಒಣಗಿದರೂ ಉರಿ ಹೋಗಿಲ್ಲ. ಸೆರಗು ತಾಗಿದರೂ ಮುಖ ಕಿವುಚ್ತಾರೆ.

ನಾಗದೋಷ ಅನ್ನುವವರಿಗೇನೂ ಕಡಿಮೆ ಇಲ್ಲ, ಅದು ಇರಲಿ. ಚಿಕ್ಕಂದಿನಲ್ಲಿ ಬಂದ ಚಿಕನ್ ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ಅಡಗಿರುತ್ತೆ. ಅದು ಮೇಲೇಳದಂತೆ ತಡೆಯೋದು ಮುಖ್ಯವಾಗಿ ಟಿ ಕೋಶಗಳು, ಅಂದ್ರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ವಯಸ್ಸಿನಿಂದಲೋ ಇಂಥ ಮಾತ್ರೆಗಳಿಂದಲೋ ಅವು ಕುಗ್ಗಿದರೆ, ರಕ್ತದಲ್ಲಿ ಆಂಟಿಬಾಡಿ ಇದ್ದರೂ ಸರ್ಪಸುತ್ತು ಬರಬಹುದು.

ಇನ್ನೊಮ್ಮೆ ಬರದಿರಲಿ ಅಂತ ಡಾಕ್ಟರು ಶಿಂಗ್ರಿಕ್ಸ್ ಅನ್ನೋ ಸರ್ಪಸುತ್ತಿನ ಲಸಿಕೆ ಹಾಕಿಸಿ ಅಂದಿದ್ದಾರೆ, ಎರಡು ಡೋಸ್. ಅದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿರೋ ಆಯಿಗೂ ಆಗುತ್ತೆ. ಶಿರಸಿ, ಕುಮಟಾ, ಕಾರವಾರದಲ್ಲಿ ಎಲ್ಲಿ ಸಿಗುತ್ತೆ? ದರ ಎಷ್ಟು? 2ರಿಂದ 8 ಡಿಗ್ರಿ ತಂಪಲ್ಲೇ ಇರಬೇಕಂತೆ, ಹುಬ್ಬಳ್ಳಿಯಿಂದ ತಂದವರು ಹೇಗೆ ತಂದಿರಿ? ಮೆಥೊಟ್ರೆಕ್ಸೇಟ್ ತಗೊಳ್ಳುವವರು ಯಾರಾದರೂ ಹಾಕಿಸಿಕೊಂಡಿದ್ದರೆ, ಆ ವಾರದ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರು ಏನಂದ್ರು ತಿಳಿಸಿ. ದಯವಿಟ್ಟು ಮನೆಮದ್ದು ಬೇಡ, ಸೊಪ್ಪು ಅರೆದು ಹಚ್ಚಿದ್ದು ಸಾಕಾಗಿದೆ.