ಅಪ್‌ಡೇಟ್: 4294967297 ಮತ್ತು 641ರ ಲೆಕ್ಕ ಕೊನೆಗೂ ಬಿಡಿಸಿಯಾಯಿತು

2³²+1, ಅಂದರೆ 4294967297 ಅನ್ನು 641 ಶೇಷವಿಲ್ಲದೆ ಭಾಗಿಸುತ್ತದೆ ಅಂತ ಉದ್ದನೆಯ ಭಾಗಾಕಾರ ಮಾಡದೆ ತೋರಿಸಬಹುದೇ ಎಂದು ಕೇಳಿದ್ದೆನಲ್ಲ? ಆಗುತ್ತೆ! ಸುಳಿವು ಕೊಟ್ಟವರಿಗೆಲ್ಲ ನಮಸ್ಕಾರ.

641 ಅನ್ನು ಎರಡು ಬಗೆಯಲ್ಲಿ ಬರೆಯೋದೇ ಗುಟ್ಟು: 5×2⁷+1 ಮತ್ತು 5⁴+2⁴. 641ರಿಂದ ಭಾಗಿಸಿದಾಗ ಉಳಿಯುವ ಶೇಷದ ಲೆಕ್ಕದಲ್ಲಿ 641 ಅಂದರೆ ಸೊನ್ನೆ, ಹಾಗಾಗಿ 5×2⁷ ಅಂದರೆ −1 ಇದ್ದ ಹಾಗೆ, 5⁴ ಅಂದರೆ −2⁴ ಇದ್ದ ಹಾಗೆ. 5×2⁷ ಅನ್ನು ನಾಲ್ಕನೇ ಘಾತಕ್ಕೇರಿಸಿದರೆ 5⁴×2²⁸ರ ಶೇಷ 1. ಈಗ 5⁴ ಜಾಗದಲ್ಲಿ −2⁴ ಹಾಕಿ. −2³²ರ ಶೇಷ 1 ಆಯಿತು. ಹಾಗಾಗಿ 2³²+1ರ ಶೇಷ ಸೊನ್ನೆ.

2¹⁶ರ ಶೇಷ ಹಿಡಿದು ಅದರ ವರ್ಗ ಮಾಡುವ ನನ್ನ ಹಳೆಯ ದಾರಿಯೂ ತಪ್ಪಿರಲಿಲ್ಲ, ಗುಣಾಕಾರ ತಪ್ಪಿತ್ತು ಅಷ್ಟೆ. 2¹⁶ರ ಶೇಷ 154, ಅದರ ವರ್ಗ 23716, ಅದು 641×37ಕ್ಕಿಂತ ಸರಿಯಾಗಿ ಒಂದು ಕಡಿಮೆ, ಅಂದರೆ 2³²ಕ್ಕೆ ಒಂದು ಸೇರಿಸಿದರೆ ಶೇಷ ಸೊನ್ನೆ. ನಾಚಿಕೆಯಾಯಿತು.

ಇನ್ನು 641 ಹೊಳೆದದ್ದಾದರೂ ಹೇಗೆ? ಗಣಿತಜ್ಞ ಫರ್ಮಾ ಅವಿಭಾಜ್ಯ ಎಂದು ನಂಬಿದ್ದ 4294967297 ಅನ್ನು 1732ರಲ್ಲಿ ಅಪವರ್ತನಗಳಾಗಿ ಒಡೆದವನು ಗಣಿತಜ್ಞ ಆಯ್ಲರ್. ಇದರ ಅವಿಭಾಜ್ಯ ಅಪವರ್ತನಗಳೆಲ್ಲ 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಅಂಥ ಅವಿಭಾಜ್ಯಗಳನ್ನಷ್ಟೇ ಹುಡುಕಿದರೆ 193, 257, 449, 577, ಆಮೇಲೆ ನೇರ 641! ಐದನೇ ಪ್ರಯತ್ನಕ್ಕೇ ಸಿಕ್ಕಿತು. ಉಳಿದ ಭಾಗ 6700417, ಅದೂ ಅವಿಭಾಜ್ಯ.